ಮಾವುತನ ಮಗನ ಏಳುಬೀಳು

ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಮ ನಂಜುಂಡ’ ಎಂಬ ಹೆಸರು ಬಂದ ಕಥೆಯನ್ನು ಕೇಳದವರು ಈ ಸೀಮೆಯಲ್ಲಿ ಇರಲಾರರು. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾಯಿತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ಮರಳಿ ದೃಷ್ಟಿ ಬಂದಿತಂತೆ. ಸುಲ್ತಾನನು ಸಂತೋಷಪಟ್ಟು ಪಚ್ಚೆಯ ಲಿಂಗವನ್ನು ಅರ್ಪಿಸಿದನಂತೆ. ಈ ಕಥೆಯಲ್ಲಿ ದೊರೆಯಿದ್ದಾನೆ, ದೇವರಿದ್ದಾನೆ, ಆನೆಯಿದೆ. ಕಣ್ಣು ಕಾಣದ ಆನೆಯನ್ನು ಸಮಾಧಾನಪಡಿಸಿ ನಡೆಸಿಕೊಂಡು ಬಂದ, ಅದಕ್ಕೆ ಮೇವು ಉಣಿಸಿ ಮೈ ತೊಳೆದ ಮಾವುತನೊಬ್ಬ ಇದ್ದಿರಲೇಬೇಕು. ಕಥೆ ಮಾತ್ರ ಅವನನ್ನು ನೆನೆಯುವುದಿಲ್ಲ.

ಸಾಹಿತ್ಯದಲ್ಲಿಯೂ ಹೀಗೆಯೇ. ಇಲ್ಲಿಂದ ನದಿಯ ಜೊತೆಗೆ ಇಳಿದುಹೋದರೆ ತಿರುಮಕೂಡಲು ನರಸೀಪುರ. ಅದೇ ತಾಲ್ಲೂಕಿನ ತಲಕಾಡು ಗಂಗರ ರಾಜಧಾನಿಯಾಗಿತ್ತು. ಗಂಗರ ಲಾಂಛನವೇ ಆನೆ. ಆ ವಂಶದ ಸೈಗೊಟ್ಟ ಶಿವಮಾರನು ‘ಗಜಾಷ್ಟಕ’ವೆಂಬ ಕೃತಿಯನ್ನು ರಚಿಸಿದನೆಂದೂ, ಜನರು ಅದನ್ನು ಓವನಿಗೆಯಾಗಿ, ಒನಕೆವಾಡಾಗಿ ಹಾಡಿಕೊಳ್ಳುತ್ತಿದ್ದರೆಂದೂ ಶಾಸನದಿಂದ ತಿಳಿದುಬರುತ್ತದೆ. ಅರಸರು ಆನೆಯನ್ನು ಕುರಿತು ಗ್ರಂಥ ಬರೆದರು. ಕವಿಗಳು ಆನೆಯ ಮದವನ್ನೂ ನಡೆಯನ್ನೂ ಬಗೆಬಗೆಯಾಗಿ ವರ್ಣಿಸಿದರು. ಆನೆಯ ಕೊರಳ ಮೇಲೆ ಕುಳಿತವನು ಯುದ್ಧವರ್ಣನೆಯಲ್ಲಿ ಬಾಣ ತಗುಲಿ ಬೀಳುವ ಹೊತ್ತಿಗೆ ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತಾನೆ, ಅಷ್ಟೆ.

ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ನಮ್ಮ ನದಿಯ ಮೇಲ್ದಂಡೆಯಲ್ಲಿಯೇ ಹುಟ್ಟಿತೆಂಬುದು ಇಂದಿನ ಓದುಗರಲ್ಲಿ ಹಲವರಿಗೆ ಹೊಸ ಸಂಗತಿಯಾಗಬಹುದು. ಕಪಿಲೆ ನಂಜನಗೂಡನ್ನು ಮುಟ್ಟುವ ಮೊದಲು ಹೆಗ್ಗಡದೇವನಕೋಟೆಯ ಕಾಡುಗಳನ್ನು ಹಾದು ಬರುತ್ತಾಳೆ. ಆ ಕಾಡಿನ ಅಂಚಿನ ಕಾರಾಪುರದಲ್ಲಿ 1924ರ ಜನವರಿ 27ರಂದು ಮಾವುತನೊಬ್ಬನ ಮಗನಾಗಿ ಸಾಬು ಹುಟ್ಟಿದನು. ತಾಯಿ ಎಳವೆಯಲ್ಲಿಯೇ ತೀರಿಕೊಂಡಳು; ಕೆಲವು ವರ್ಷಗಳಲ್ಲಿ ತಂದೆಯೂ ಹೋದನು. ಅನಾಥನಾದ ಹುಡುಗನಿಗೆ ಮೈಸೂರು ಅರಮನೆಯ ಆನೆಲಾಯವೇ ಮನೆಯಾಯಿತು. ಹದಿಮೂರನೆಯ ವಯಸ್ಸಿಗೆ ಅವನ ಮುಖ ಲಂಡನ್ನಿನ ಬೆಳ್ಳಿತೆರೆಯ ಮೇಲಿತ್ತು. ಹದಿನಾರನೆಯ ವಯಸ್ಸಿಗೆ ಹಾಲಿವುಡ್ಡಿನಲ್ಲಿ. ಭಾರತೀಯನೆಂದೇ ಹೆಸರಾಗಿ ಅಲ್ಲಿ ತಾರೆಯ ಪದವಿಗೇರಿದ ಮೊದಲಿಗನು ಅವನೇ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ಅವನು ಸತ್ತಾಗ ವಯಸ್ಸು ಮೂವತ್ತೊಂಬತ್ತು. ತಾರೆಯಾಗಿ ಮಿಂಚಿದ ಕಾಲ ಅದಕ್ಕೆ ಬಹಳ ಮೊದಲೇ ಮುಗಿದುಹೋಗಿತ್ತು. ಈ ಏರಿಕೆ ಏಕೆ ಅಷ್ಟು ತ್ವರಿತವಾಯಿತು, ಇಳಿತ ಏಕೆ ಅನಿವಾರ್ಯವೆಂಬಂತೆ ಬಂದಿತು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಹಳೆಯ ಚಿತ್ರಗಳ ಮೇಲಿನ ಮೋಹಕ್ಕಾಗಿ ಇದನ್ನು ಬರೆಯುತ್ತಿಲ್ಲ. ಇದೇ ಕಾಡುಗಳ ಮಾವುತರು ಮತ್ತೆ ಜಗತ್ತಿನ ಕಣ್ಣಿಗೆ ಬಿದ್ದಿರುವ ಕಾಲ ಇದು. ಆದುದರಿಂದ ವಿಷಯ ಹಳೆಯದಾಗಿಲ್ಲ.

ಕಥೆ ಮೊದಲಾಗುವುದು 1935ರಲ್ಲಿ. ‘ನಾನೂಕ್ ಆಫ್ ದಿ ನಾರ್ತ್’ (1922), ‘ಮ್ಯಾನ್ ಆಫ್ ಆರನ್’ (1934) ಎಂಬ ಚಿತ್ರಗಳಿಂದ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ ಆ ವರ್ಷ ಮೈಸೂರಿಗೆ ಬಂದನು. ಲಂಡನ್ನಿನ ನಿರ್ಮಾಪಕ ಅಲೆಗ್ಸಾಂಡರ್ ಕೋರ್ಡಾನಿಗಾಗಿ ಕಿಪ್ಲಿಂಗನ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಎಂಬ ಕಥೆಯನ್ನು ಚಿತ್ರವಾಗಿಸುವುದು ಅವನ ಕೆಲಸ. ನಾಲ್ವಡಿ ಕೃಷ್ಣರಾಜ ಒಡೆಯರವರು ಆನೆಗಳನ್ನೂ ಕಾಡನ್ನೂ ಚಿತ್ರತಂಡಕ್ಕೆ ತೆರೆದುಕೊಟ್ಟು, ಬಿಡಾರಕ್ಕೆ ಚಿತ್ತರಂಜನ ಮಹಲನ್ನು ಕೊಡಿಸಿದರು. ಮುಂದೆ ಪ್ರೀಮಿಯರ್ ಸ್ಟುಡಿಯೋದವರ ವಶವಾಗಿ, ಈಗ ಗ್ರೀನ್ ಹೋಟೆಲ್ ಎನಿಸಿಕೊಂಡಿರುವ ಜಯಲಕ್ಷ್ಮೀಪುರದ ಕಟ್ಟಡ ಅದೇ. ಕಿಪ್ಲಿಂಗನ ಕಥೆ ನಡೆಯುವುದು ಈಶಾನ್ಯದ ಗಾರೋ ಬೆಟ್ಟಗಳಲ್ಲಿ. ಆದರೆ ಅದರಲ್ಲಿ ಬರುವ ಪೀಟರ್‌ಸನ್ ಸಾಹೇಬನಿಗೆ, ಮೈಸೂರು ಸೀಮೆಯಲ್ಲಿ ಖೆಡ್ಡಾ ಪದ್ಧತಿಯನ್ನು ತಂದ ಸ್ಯಾಂಡರ್ಸನ್ನನೇ ಮಾದರಿಯೆಂದು ಬಲ್ಲವರ ಅಭಿಪ್ರಾಯ. ಹಾಗಿದ್ದಲ್ಲಿ ಕಥೆ ತನ್ನ ತವರಿಗೇ ಬಂದಂತಾಯಿತು.

ಕಥೆಯ ಹುಡುಗ ತೂಮಾಯ್ ಮಾವುತರ ವಂಶದವನು. ಆ ಪಾತ್ರಕ್ಕಾಗಿ ಹಲವು ಹುಡುಗರನ್ನು ನೋಡಿದ ಮೇಲೆ ಅರಮನೆಯ ಆನೆಲಾಯದಲ್ಲಿ ಛಾಯಾಗ್ರಾಹಕ ಬೊರಡೇಲನ ಕಣ್ಣಿಗೆ ಸಾಬು ಬಿದ್ದನು. ಹುಡುಗನಿಗೆ ಇಂಗ್ಲಿಷ್ ಬಾರದು, ಅಭಿನಯವೆಂದರೆ ತಿಳಿಯದು. ಬಲ್ಲ ವಿದ್ಯೆಯೊಂದೇ: ಆನೆ. ಐರಾವತನೆಂಬ ಭಾರಿ ಆನೆ ‘ಕಾಳನಾಗ’ನ ಪಾತ್ರ ವಹಿಸಿತು, ಅದರ ಮೇಲೆ ಹುಡುಗ ಹೇಗೆ ಹತ್ತಿದ, ಹೇಗೆ ಮಲಗಿದ, ಹೇಗೆ ಗದರಿಸಿದ ಎಂಬುದನ್ನು ಇಂದಿಗೂ ಆ ಚಿತ್ರದಲ್ಲಿ ನೋಡಿ ಸಂತೋಷಪಡಬಹುದು. ನಟನೆಯಿಂದ ಬರುವ ಸಲಿಗೆ ಅದಲ್ಲ. ಹೊಟ್ಟೆಪಾಡಿನ ಕಸುಬಿನಿಂದ ಬಂದ ಸಲಿಗೆ. ಕಾಕನಕೋಟೆಯ ಖೆಡ್ಡಾದ ದೃಶ್ಯಗಳೂ ಆ ಚಿತ್ರದಲ್ಲಿವೆ. 1971ರಲ್ಲಿ ನಡೆದ ಖೆಡ್ಡಾವೇ ಅಲ್ಲಿ ಕಡೆಯದು. ಕೆಲವೇ ವರ್ಷಗಳಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿದು ಆ ಕಾಡಿನ ಬಹುಭಾಗ ಕಬಿನಿಯ ಹಿನ್ನೀರಿನಲ್ಲಿ ಮುಳುಗಿತು. ಕಾಕನಕೋಟೆಯೆಂದರೆ ಕನ್ನಡ ವಿದ್ಯಾರ್ಥಿಗಳಿಗೆ ಮೊದಲು ಮಾಸ್ತಿಯವರ ನಾಟಕ ನೆನಪಾಗುತ್ತದೆ. ಆ ಕಾಡು ಹಿಂದೆ ಹೇಗಿತ್ತೆಂಬುದನ್ನು ಕಣ್ಣಾರೆ ಕಾಣಬೇಕೆನ್ನುವವರು ಈ ಪರದೇಶೀ ಚಿತ್ರಕ್ಕೇ ಹೋಗಬೇಕಾಗಿದೆ.

ಫ್ಲಾಹರ್ಟಿ ಒಂದು ವರ್ಷಕ್ಕೂ ಮಿಗಿಲಾಗಿ ಇಲ್ಲಿ ಚಿತ್ರಿಸಿದನು. ಅಷ್ಟು ಚಿತ್ರಿಸಿದರೂ ಅದು ಕಥೆಯಾಗಲಿಲ್ಲವೆಂದು ಕೋರ್ಡಾ ತಾಳ್ಮೆಗೆಟ್ಟು, ಸಾಬುವನ್ನೂ ಅವನ ಅಣ್ಣನನ್ನೂ ಇಂಗ್ಲೆಂಡಿಗೆ ಕರೆಸಿಕೊಂಡು, ಲಂಡನ್ನಿನ ಬಳಿಯ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಉಳಿದ ಭಾಗವನ್ನು ತನ್ನ ತಮ್ಮ ಝೋಲ್ಟಾನನಿಂದ ತೆಗೆಯಿಸಿದನು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನ ಬಂದಿತು. ನೋಡಿದವರ ಮನಸ್ಸಿನಲ್ಲಿ ನಿಂತದ್ದು ಮಾತ್ರ ಹುಡುಗನ ನಗೆ.

ಇಲ್ಲಿಂದ ಮುಂದೆ ಏಳೆಂಟು ವರ್ಷಗಳ ಕಾಲ ಅವನ ಕೀರ್ತಿ ಏರುತ್ತಲೇ ಹೋಯಿತು. 1938ರಲ್ಲಿ ‘ದಿ ಡ್ರಮ್’ ಬಂದಿತು. ಅದರಲ್ಲಿ ಸಾಬು ವಾಯವ್ಯ ಗಡಿನಾಡಿನ ರಾಜಕುಮಾರ. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’. ಅದರ ಚಿತ್ರೀಕರಣ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದಾಗ ಯುದ್ಧ ಮೊದಲಾಗಿ, ಕೆಲಸವನ್ನು ಹಾಲಿವುಡ್ಡಿಗೆ ಸಾಗಿಸಿ ಮುಗಿಸಿದರು. ವರ್ಣ ಛಾಯಾಗ್ರಹಣ, ವರ್ಣ ಕಲಾನಿರ್ದೇಶನ, ವಿಶೇಷ ಪರಿಣಾಮ ಎಂಬ ಮೂರು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಬಂದವು. 1942ರಲ್ಲಿ ‘ಜಂಗಲ್ ಬುಕ್’; ಮೋಗ್ಲಿಯಾಗಿ ಸಾಬು. ಆ ಬಳಿಕ ಯೂನಿವರ್ಸಲ್ ಸಂಸ್ಥೆಯವರು ಅವನನ್ನು ‘ಅರೇಬಿಯನ್ ನೈಟ್ಸ್’ (1942), ‘ವೈಟ್ ಸ್ಯಾವೇಜ್’ (1943), ‘ಕೋಬ್ರಾ ವುಮನ್’ (1944) ಎಂಬ ಬಣ್ಣಬಣ್ಣದ ಚಿತ್ರಗಳಲ್ಲಿ ಹಾಕಿಕೊಂಡರು. 1944ರಲ್ಲಿ ಅವನು ಅಮೆರಿಕದ ಪೌರನಾಗಿ, ಸೇನೆಯ ವಿಮಾನಪಡೆ ಸೇರಿ, ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರುಗಳ ಫಿರಂಗಿಗಾರನಾಗಿ ಹಾರಿ, ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕವನ್ನು ಪಡೆದನು. ಭಾರತೀಯರಿಗೆ ಪೌರತ್ವದ ಹಕ್ಕನ್ನು ಕೊಟ್ಟ ಲೂಸ್–ಸೆಲ್ಲರ್ ಕಾನೂನು ಅಲ್ಲಿ ಜಾರಿಗೆ ಬಂದದ್ದು 1946ರಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಸಾಬು ಪೌರನಾದದ್ದು ಪ್ರಾಣವನ್ನು ಪಣವಿಟ್ಟು ಎಂಬುದನ್ನು ಮರೆಯಬಾರದು.

ಯುದ್ಧ ಮುಗಿದು ಅವನು ಹಿಂದಿರುಗಿದಾಗ ಇಪ್ಪತ್ತೊಂದು ಇಪ್ಪತ್ತೆರಡರ ಯುವಕ. ಒಬ್ಬ ನಟನ ನಿಜವಾದ ಬೆಳವಣಿಗೆ ಆರಂಭವಾಗುವ ವಯಸ್ಸು ಅದು. ಸಾಬುವಿನ ಮಟ್ಟಿಗೆ ಅಲ್ಲಿಂದಲೇ ಇಳಿತ ಮೊದಲಾಯಿತು. ಏಕೆ?

ಮೊದಲ ಕಾರಣ ಎಲ್ಲರಿಗೂ ಹೊಳೆಯುವಂಥದು: ಅವನು ಬೆಳೆದುಬಿಟ್ಟನು. ಲೋಕ ಬಯಸಿದ್ದು ಹುಡುಗನನ್ನು. ಬಾಲನಟರ ಪಾಡೆಲ್ಲ ಇಷ್ಟೇ ಎಂದು ಇಲ್ಲಿಗೇ ನಿಲ್ಲಿಸುವವರಿದ್ದಾರೆ. ಆದರೆ ಈ ಕಾರಣ ಅರ್ಧ ಸತ್ಯ. ಹುಡುಗನಾಗಿ ಖ್ಯಾತಿ ಪಡೆದು ಮುಂದೆ ನಾಯಕರಾಗಿ ನಿಂತವರು ಹಾಲಿವುಡ್ಡಿನಲ್ಲಿಯೂ ಇದ್ದಾರೆ. ಸಾಬುವಿಗೆ ಆ ದಾರಿ ಏಕೆ ಮುಚ್ಚಿತು ಎಂಬುದನ್ನು ತಿಳಿಯಲು ‘ಬಾಗ್ದಾದಿನ ಕಳ್ಳ’ನನ್ನು ಸ್ವಲ್ಪ ಸೂಕ್ಷ್ಮವಾಗಿ ನೋಡಬೇಕು.

ಇದೇ ಹೆಸರಿನ ಮೂಕಚಿತ್ರವೊಂದು 1924ರಲ್ಲಿ, ಸಾಬು ಹುಟ್ಟಿದ ವರ್ಷವೇ, ಬಂದಿತ್ತು. ಅದರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ಕಳ್ಳ. ಅವನೇ ಸಾಹಸಿ, ಅವನೇ ಪ್ರೇಮಿ. ಕಡೆಯಲ್ಲಿ ರಾಜಕುಮಾರಿ ಅವನಿಗೇ ಸಿಗುತ್ತಾಳೆ. 1940ರ ಚಿತ್ರದಲ್ಲಿ ಆ ಒಂದು ಪಾತ್ರವನ್ನು ಎರಡಾಗಿ ಸೀಳಿದರು. ಸಾಹಸವೆಲ್ಲ ಸಾಬುವಿನ ಪಾಲು. ಪ್ರಣಯವೆಲ್ಲ ಜಾನ್ ಜಸ್ಟಿನ್ ಎಂಬ ಆಂಗ್ಲ ನಟನ ಪಾಲು. ದೈತ್ಯನನ್ನು ಜಯಿಸುವವನು ಸಾಬು, ದಿವ್ಯನೇತ್ರವನ್ನು ಕದ್ದು ತರುವವನು ಸಾಬು. ಮದುವೆಯ ಸಂಭ್ರಮದ ಹೊತ್ತಿಗೆ ಹಾರುವ ಕಂಬಳಿಯ ಮೇಲೆ ಕುಳಿತು ಹೊರಟುಹೋಗುವವನೂ ಅವನೇ. ಹುಡುಗನಾದುದರಿಂದ ಅದು ಸಹಜವಾಗಿ ಕಂಡಿತು, ಸೊಗಸಾಗಿಯೂ ಕಂಡಿತು. ಆದರೆ ಮುಂದಿನ ಚಿತ್ರಗಳಲ್ಲಿ ಹುಡುಗ ಯುವಕನಾದ ಮೇಲೂ ಏರ್ಪಾಡು ಬದಲಾಗಲಿಲ್ಲ. ಜಾನ್ ಹಾಲ್ ನಾಯಕ, ಮರಿಯಾ ಮಾಂಟೆಜ್ ನಾಯಕಿ, ಸಾಬು ನಾಯಕನ ಸಂಗಡಿಗ. ಬಿಳಿಯರಿಗೂ ಅನ್ಯವರ್ಣೀಯರಿಗೂ ನಡುವಣ ಪ್ರಣಯವನ್ನು ತೆರೆಯ ಮೇಲೆ ತೋರಿಸಬಾರದೆಂಬುದು 1934ರಿಂದ ಹಾಲಿವುಡ್ಡು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ನಿಬಂಧನೆಗಳಲ್ಲಿ ಒಂದಾಗಿತ್ತು. ಇದರ ಜೊತೆಗೆ, ಪೂರ್ವದೇಶದ ನಾಯಕನ ಪಾತ್ರವಿದ್ದರೆ ಅದನ್ನು ಬಣ್ಣ ಬಳಿದುಕೊಂಡ ಬಿಳಿಯನೇ ಮಾಡುವುದು ವಾಡಿಕೆ. ಇವೆರಡರ ನಡುವೆ ವಯಸ್ಸಿಗೆ ಬಂದ ಭಾರತೀಯನೊಬ್ಬ ನಿಲ್ಲಲು ಉಳಿದ ಸ್ಥಳವೆಷ್ಟು?

1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಎಂಬ ಜೋಡಿ ಮಾಡಿದ ಈ ಚಿತ್ರ ಕಲೆಯ ದೃಷ್ಟಿಯಿಂದ ಉತ್ತಮ ಕೃತಿ. ಹಿಮಾಲಯವನ್ನು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದೊಳಗೇ ನಿರ್ಮಿಸಿ ತೋರಿಸಿದ ಚಮತ್ಕಾರ ಅದರದು. ಸಾಬು ಅದರಲ್ಲಿ ಸುಗಂಧ ಪೂಸಿಕೊಂಡು ಓಡಾಡುವ ತರುಣ ಜಹಗೀರುದಾರ. ಚಿತ್ರದ ಹೆಸರೇ ಅವನ ಸುಗಂಧದ ಹೆಸರು. ಒಮ್ಮೆಯಾದರೂ ಅವನಿಗೆ ಪ್ರಣಯದ ಪಾತ್ರ ದೊರೆಯಿತು. ಆದರೆ ಅವನು ಮೆಚ್ಚುವ ಬೆಟ್ಟದ ಹುಡುಗಿಯ ಪಾತ್ರ ವಹಿಸಿದವಳು ಮೈಗೆ ಕಂದುಬಣ್ಣ ಹಚ್ಚಿಕೊಂಡ ಜೀನ್ ಸಿಮನ್ಸ್. ಅದೇ ವರ್ಷದ ‘ದಿ ಎಂಡ್ ಆಫ್ ದಿ ರಿವರ್’ ಚಿತ್ರದಲ್ಲಿ ಅವನನ್ನು ದಕ್ಷಿಣ ಅಮೆರಿಕದ ಆದಿವಾಸಿಯಾಗಿ ಮಾಡಿದರು. ‘ಇಂಡಿಯನ್’ ಎಂಬ ಒಂದೇ ಮಾತಿನಲ್ಲಿ ಎರಡು ಖಂಡಗಳ ಜನ ಅಡಗಿಹೋದಂತೆ, ಎರಡೂ ಖಂಡಗಳ ಪಾತ್ರಗಳಿಗೆ ಒಂದೇ ಮುಖ ಸಾಕೆನಿಸಿತು.

ಇನ್ನೂ ಸ್ಪಷ್ಟವಾಗಬೇಕಾದರೆ, ಅದೇ ಕೋರ್ಡಾ ಬೆಳೆಸಿದ ಮತ್ತೊಬ್ಬ ತಾರೆಯ ಜೀವನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಮರ್ಲ್ ಓಬೆರಾನ್ 1911ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಭಾರತದಲ್ಲಿಯೇ ಬೆಳೆದವಳು. ಆಕೆ ಟ್ಯಾಸ್ಮೇನಿಯದಲ್ಲಿ ಹುಟ್ಟಿದವಳೆಂದು ಲೋಕಕ್ಕೆ ಹೇಳಿದರು. ಆಕೆ ಜೀವನಪರ್ಯಂತ ಅದನ್ನೇ ಸಾಧಿಸಿಕೊಂಡು ಬಂದಳು. ಹುಟ್ಟನ್ನು ಮುಚ್ಚಿಟ್ಟುದರಿಂದ ಆಕೆಗೆ ನಾಯಕಿಯ ಪಾತ್ರಗಳ ಬಾಗಿಲು ತೆರೆಯಿತು. ಸಾಬುವಿನ ವಿಷಯದಲ್ಲಿ ನಡೆದದ್ದು ಇದಕ್ಕೆ ವಿರುದ್ಧ. ಅವನ ಹುಟ್ಟನ್ನೇ, ಆ ಆನೆಲಾಯವನ್ನೇ, ಆ ರುಮಾಲು ಪಂಚೆಗಳನ್ನೇ ಬಂಡವಾಳವಾಗಿ ಹೂಡಿದರು. ಒಬ್ಬಳು ಭಾರತೀಯಳೆಂದು ಕಾಣಬಾರದಾಗಿತ್ತು. ಇನ್ನೊಬ್ಬನು ಭಾರತೀಯನೆಂದಲ್ಲದೆ ಮತ್ತೇನಾಗಿಯೂ ಕಾಣಬಾರದಾಗಿತ್ತು. ಸೆರೆಮನೆ ಒಂದೇ, ಕೋಣೆಗಳು ಬೇರೆ.

ಎರಡನೆಯ ಕಾರಣ ರಾಜಕೀಯ. ಕೋರ್ಡಾನ ಚಿತ್ರಗಳಿಗೆ ಹಿನ್ನೆಲೆಯಾಗಿದ್ದುದು ಬ್ರಿಟಿಷ್ ಸಾಮ್ರಾಜ್ಯದ ಹೆಮ್ಮೆ. ಒಳ್ಳೆಯ ಭಾರತೀಯನೆಂದರೆ ಸಾಹೇಬನ ಕಷ್ಟಕಾಲಕ್ಕೆ ಒದಗುವ ವಿಧೇಯ ಬಾಲಕ ಎಂಬ ಭಾವನೆ ‘ದಿ ಡ್ರಮ್’ ಚಿತ್ರದಲ್ಲಿ ಎದ್ದು ಕಾಣುತ್ತದೆ. 1938ರಲ್ಲಿ ಮುಂಬಯಿಯಲ್ಲಿಯೂ ಮದರಾಸಿನಲ್ಲಿಯೂ ಜನ ಅದನ್ನು ಪ್ರತಿಭಟಿಸಿ ಬೀದಿಗಿಳಿದರು, ಪ್ರದರ್ಶನ ನಿಂತಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ದೇಶಕ್ಕೆ ಆ ಚಿತ್ರ ಅವಮಾನವಾಗಿ ತೋರಿದುದು ನ್ಯಾಯವೇ. ಆದರೆ ಹದಿನಾಲ್ಕು ವರ್ಷದ ಅನಾಥ ಹುಡುಗನೊಬ್ಬನಿಗೆ ಪಾತ್ರವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಎಲ್ಲಿತ್ತು? ಹೊರದೇಶ ಅವನನ್ನು ಮೆಚ್ಚಿದ ಕಾರಣಕ್ಕೇ ಸ್ವದೇಶ ಅವನ ಚಿತ್ರವನ್ನು ತಿರಸ್ಕರಿಸಿತು. 1947ರ ಬಳಿಕ ಸಾಮ್ರಾಜ್ಯವೇ ಇಲ್ಲವಾದ ಮೇಲೆ ವಿಧೇಯ ಬಾಲಕನ ಪಾತ್ರಕ್ಕೆ ಬೆಲೆ ಉಳಿಯಲಿಲ್ಲ. ಸ್ವತಂತ್ರ ಭಾರತದ ಪ್ರೌಢ ಪ್ರಜೆಯನ್ನು ತೋರಿಸುವ ಪಾತ್ರವನ್ನು ಅಲ್ಲಿ ಯಾರೂ ಬರೆಯಲೂ ಇಲ್ಲ.

ಮೂರನೆಯದು ಉದ್ಯಮದ ಸ್ಥಿತಿ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ ದೊಡ್ಡ ಸಂಸ್ಥೆಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಜೊತೆಯಲ್ಲಿಯೇ ಟೆಲಿವಿಷನ್ ಮನೆಮನೆಗೂ ಬಂದಿತು. ವರ್ಷವಿಡೀ ಸಂಬಳ ಕೊಟ್ಟು ನಟರನ್ನು ಸಾಕಿಕೊಳ್ಳುವ ಪದ್ಧತಿ ಸಡಿಲವಾಯಿತು. ಯುದ್ಧಕಾಲದಲ್ಲಿ ಜನರಿಗೆ ಬೇಕಾಗಿದ್ದ ಅರಬ್ಬೀ ಕಥೆಗಳ ಬಣ್ಣದ ಲೋಕ ಯುದ್ಧಾನಂತರ ಮಂಕಾಯಿತು. ಇಂಥ ಹೊತ್ತಿನಲ್ಲಿ ಒಂದೇ ಬಗೆಯ ಪಾತ್ರಕ್ಕೆ ಕಟ್ಟಿಹಾಕಲ್ಪಟ್ಟ ನಟನೇ ಮೊದಲು ಕೆಲಸ ಕಳೆದುಕೊಳ್ಳುತ್ತಾನೆ.

ಮುಂದಿನ ಕಥೆ ಚಿಕ್ಕದು. 1948ರ ‘ಮ್ಯಾನ್ ಈಟರ್ ಆಫ್ ಕುಮಾವೂನ್’, 1949ರ ‘ಸಾಂಗ್ ಆಫ್ ಇಂಡಿಯಾ’, ಬಳಿಕ ಒಂದಕ್ಕಿಂತ ಒಂದು ಅಗ್ಗದ ಕಾಡಿನ ಚಿತ್ರಗಳು. 1952ರಲ್ಲಿ ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟನು. ಅದೇ ವರ್ಷ ಇಟಲಿಯಲ್ಲಿ ವಿಟ್ಟೋರಿಯೋ ದೆ ಸಿಕಾನ ಜೊತೆಗೆ ಅಭಿನಯಿಸಿದ ಚಿತ್ರದ ಹೆಸರಿನಲ್ಲಿಯೂ ಆನೆಯಿತ್ತು. 1957ರ ‘ಸಾಬು ಅಂಡ್ ದಿ ಮ್ಯಾಜಿಕ್ ರಿಂಗ್’ ಚಿತ್ರದಲ್ಲಿ ಮೂವತ್ತಮೂರು ವಯಸ್ಸಿನ ಗೃಹಸ್ಥ, ಎರಡು ಮಕ್ಕಳ ತಂದೆ, ಮತ್ತೆ ಲಾಯದ ಹುಡುಗನಾಗಬೇಕಾಯಿತು. ಪಾತ್ರದ ಹೆಸರೂ ಸಾಬುವೆಂದೇ. ಅವನು ಸತ್ತ ಮೇಲೆ 1964ರಲ್ಲಿ ಬಿಡುಗಡೆಯಾದ ಡಿಸ್ನಿಯ ‘ಎ ಟೈಗರ್ ವಾಕ್ಸ್’ ಚಿತ್ರದಲ್ಲಿ ಅವನದು ಸರ್ಕಸ್ಸಿನ ಹುಲಿಯನ್ನು ಬಲ್ಲ ಭಾರತೀಯನ ಪಾತ್ರ. ಆನೆಯಿಂದ ಮೊದಲಾದ ವೃತ್ತಿ ಹುಲಿಯಲ್ಲಿ ಮುಗಿಯಿತು. ನಡುವೆ ಮನುಷ್ಯನ ಪಾತ್ರ ಅವನಿಗೆ ಅಪರೂಪವಾಗಿಯೇ ಒದಗಿತು.

ನನ್ನ ಬಿ.ಎ. ತರಗತಿಯಲ್ಲಿ ಈ ಕಥೆಯನ್ನು ಹೇಳಿದಾಗ ಹೆಗ್ಗಡದೇವನಕೋಟೆಯ ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬ, “ಅವನು ಊರಿಗೆ ವಾಪಸು ಬಂದುಬಿಡಬಹುದಾಗಿತ್ತಲ್ಲ, ಸಾರ್?” ಎಂದು ಕೇಳಿದ. ಪ್ರಶ್ನೆ ಸರಳವಾದರೂ ಮುಖ್ಯವಾದುದು. ಬರುವ ಪ್ರಯತ್ನವೊಂದು ನಡೆದಿತ್ತೆಂಬುದೇ ಇದಕ್ಕೆ ಉತ್ತರ. ಮೆಹಬೂಬ್ ಖಾನರು ಮುಂದೆ ‘ಮದರ್ ಇಂಡಿಯಾ’ ಎಂಬ ಹೆಸರಿನಿಂದ 1957ರಲ್ಲಿ ತೆರೆಗೆ ತಂದ ಚಿತ್ರದ ಬಿರ್ಜುವಿನ ಪಾತ್ರಕ್ಕೆ ಮೊದಲು ಸಾಬುವನ್ನೇ ಗೊತ್ತುಮಾಡಿದ್ದರು. ಆದರೆ ಈಗ ಅವನು ಪರದೇಶದ ಪ್ರಜೆ. ಇಲ್ಲಿ ಕೆಲಸಮಾಡುವ ಪರವಾನಗಿ ದೊರೆಯಲಿಲ್ಲ. ಆ ಪಾತ್ರ ಸುನೀಲ್ ದತ್ತರ ಪಾಲಾಗಿ ಅವರನ್ನು ದೊಡ್ಡ ನಟರನ್ನಾಗಿ ಮಾಡಿತು. ಯುದ್ಧದಲ್ಲಿ ಜೀವವನ್ನು ಒತ್ತೆಯಿಟ್ಟು ಗಳಿಸಿದ ಪೌರತ್ವವೇ ಹುಟ್ಟಿದ ನಾಡಿನ ಬಾಗಿಲಿಗೆ ಅಗುಳಿಯಾಯಿತು. ನನಗೆ ಸಾಬುವಿನ ಜೀವನದಲ್ಲಿ ಇದಕ್ಕಿಂತ ದಾರುಣವಾದ ಘಟನೆ ಕಾಣದು.

ಇದೇ ಸಂದರ್ಭದಲ್ಲಿ ನಮ್ಮ ಕಡೆಯ ಮತ್ತೊಬ್ಬ ನಟರನ್ನು ನೆನೆಯುವುದು ಉಚಿತ. ಸಾಬು ಹುಟ್ಟಿದ ಐದು ವರ್ಷಗಳ ಮೇಲೆ, 1929ರಲ್ಲಿ, ಗಾಜನೂರಿನಲ್ಲಿ ಹುಟ್ಟಿದ ರಾಜ್‌ಕುಮಾರ್ ಅವರೂ ಹೆಚ್ಚು ಶಾಲೆ ಕಂಡವರಲ್ಲ. ಅವರೂ ಕಾಡಿನ ಅಂಚಿನವರೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರೂ ಕಾಡಿನವನ ಪಾತ್ರದಿಂದಲೇ ಮೊದಲುಮಾಡಿದರು. ಆದರೆ ಅಲ್ಲಿಗೇ ನಿಲ್ಲಬೇಕಾಗಲಿಲ್ಲ. ಸಾಬು ಸತ್ತ 1963ರಲ್ಲಿ ಅವರು ‘ಸಂತ ತುಕಾರಾಂ’, 1971ರಲ್ಲಿ ‘ಕಸ್ತೂರಿ ನಿವಾಸ’ದ ಉದಾರಿ, 1983ರಲ್ಲಿ ಕಾಳಿದಾಸ. ಪ್ರತಿಭೆಯ ತಾರತಮ್ಯವನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಒಬ್ಬರ ಬೆನ್ನಿಗೆ ಗುಬ್ಬಿ ಕಂಪನಿಯ ರಂಗಭೂಮಿಯಿತ್ತು, ಒಂದು ಭಾಷೆಯಿತ್ತು, ಆ ಭಾಷೆಯಲ್ಲಿ ಅವರಿಗಾಗಿ ಕಥೆ ಬರೆಯುವವರಿದ್ದರು, ಅವರ ಜೊತೆಗೇ ವಯಸ್ಸಾಗುತ್ತ ಬಂದ ಪ್ರೇಕ್ಷಕರಿದ್ದರು. ಸಾಬುವಿಗೆ ಇವಾವುವೂ ಇರಲಿಲ್ಲ. ಅವನನ್ನು ನೋಡಿ ಬೆರಗಾಗುವವರು ಲಕ್ಷಗಟ್ಟಲೆ ಇದ್ದರು; ಅವನಿಗಾಗಿ ಕಥೆ ಕಟ್ಟುವ ಜನ ಇರಲಿಲ್ಲ. ಬೆರಗು ಬೇಗ ಹಳತಾಗುವ ಪದಾರ್ಥ. ಸಾಹಿತ್ಯದ ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದುದಿದೆ: ನಟನ ಆಯುಷ್ಯ ಬಹುಮಟ್ಟಿಗೆ ಬರಹಗಾರನ ಕೈಯಲ್ಲಿದೆ, ಬರಹಗಾರನ ಆಯುಷ್ಯ ಭಾಷೆಯ ಕೈಯಲ್ಲಿದೆ.

ಇಷ್ಟಾದರೂ ಸಾಬುವಿನ ಬಾಳನ್ನು ಬರಿಯ ದುರಂತವೆಂದು ಕರೆಯಲು ನನ್ನ ಮನಸ್ಸು ಒಪ್ಪದು. ಕೀರ್ತಿ ಇಳಿದಾಗ ಕುಡಿತಕ್ಕೋ ಕಹಿಗೋ ಬಿದ್ದವರ ಕಥೆಗಳು ಹಾಲಿವುಡ್ಡಿನಲ್ಲಿ ಹೇರಳವಾಗಿವೆ. ಈ ಮಾವುತನ ಮಗ 1948ರಲ್ಲಿ ಮದುವೆಯಾಗಿ, ಮನೆ ನಿವೇಶನಗಳ ವ್ಯಾಪಾರಕ್ಕೆ ಕೈಹಾಕಿ, ಸಂಸಾರವನ್ನು ಗೌರವದಿಂದ ನಡೆಸಿದನು. ಜೊತೆಯಲ್ಲಿ ಬಂದಿದ್ದ ಅಣ್ಣ 1960ರಲ್ಲಿ ಕೊಲೆಗೀಡಾದ ದುಃಖವನ್ನೂ ನುಂಗಿಕೊಂಡನು. ಹಾಲಿವುಡ್ಡಿನ ಕೀರ್ತಿಪಥದಲ್ಲಿ ಅದೇ 1960ರಲ್ಲಿ ಅವನ ಹೆಸರಿನ ನಕ್ಷತ್ರವನ್ನು ಕೆತ್ತಿದರು. ಮಗ ಪಾಲ್ ಸಂಗೀತಗಾರನಾದನು. ಮಗಳು ಜಾಸ್ಮಿನ್ ಪ್ರಾಣಿಗಳನ್ನು ಪಳಗಿಸುವ ವೃತ್ತಿಯನ್ನೇ ಹಿಡಿದಳು. ಇಳಿದದ್ದು ಅವನಿಗೆ ಕೊಟ್ಟ ಪಾತ್ರಗಳ ಯೋಗ್ಯತೆ. ಅವನ ಯೋಗ್ಯತೆ ಇಳಿದಿತ್ತೆನ್ನಲು ಆಧಾರವಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 2023ರ ಮಾರ್ಚಿಯಲ್ಲಿ ‘ದಿ ಎಲಿಫೆಂಟ್ ವಿಸ್ಪರರ್ಸ್’ ಎಂಬ ಕಿರುಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಬಂಡೀಪುರದ ಮಗ್ಗುಲಿನ ಮುದುಮಲೆಯಲ್ಲಿ, ತೆಪ್ಪಕ್ಕಾಡಿನ ಆನೆ ಶಿಬಿರದಲ್ಲಿ ಅನಾಥ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಗಳ ಕಥೆ ಅದು. ಎಂಟು ದಶಕಗಳ ಮೇಲೆ ಅದೇ ಕಾಡಿನ ನೆರೆಯ ಮಾವುತರು ಮತ್ತೆ ಹಾಲಿವುಡ್ಡಿನ ಬೆಳಕಿಗೆ ಬಂದರು. ಈ ಸಲ ಅವರನ್ನು ಚಿತ್ರಿಸಿದವರು ಭಾರತೀಯರು. ಅವರು ಆಡಿದ್ದು ಅವರದೇ ಮಾತು. ಅವರನ್ನು ಯಾರೂ ಬೇರೆ ದೇಶದ ರಾಜಕುಮಾರರನ್ನಾಗಿ ಮಾಡಲಿಲ್ಲ. ಇದು ಪ್ರಗತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಹಣದ ವಿಷಯದಲ್ಲಿ ದಂಪತಿಗಳ ಕಡೆಯಿಂದ ತಕರಾರು ಎದ್ದುದನ್ನೂ ಚಿತ್ರ ಮಾಡಿದವರು ಅದನ್ನು ಅಲ್ಲಗಳೆದುದನ್ನೂ ಪತ್ರಿಕೆಗಳಲ್ಲಿ ಓದಿದೆವು. ಯಾರದು ಸರಿ ಯಾರದು ತಪ್ಪೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಒಬ್ಬನ ಬದುಕು ಲೋಕಕ್ಕೆ ಚಿತ್ರವಾದಾಗ ಆ ಬದುಕಿಗೆ ಮರಳಿ ಸಲ್ಲಬೇಕಾದುದೇನು ಎಂಬ ಪ್ರಶ್ನೆ 1937ರಲ್ಲಿ ಹೇಗಿತ್ತೋ ಹಾಗೆಯೇ ಉಳಿದಿದೆ.

ಅದೇ ವರ್ಷದ ಡಿಸೆಂಬರ್ 4ರಂದು ಅಂಬಾರಿಯಾನೆ ಅರ್ಜುನ ಸಕಲೇಶಪುರದ ಕಾಡಿನಲ್ಲಿ ಕಾಡಾನೆಯೊಡನೆ ಸೆಣಸಿ ಸತ್ತಾಗ ನಾಡೆಲ್ಲ ಮರುಗಿತು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕಿದ ಆನೆ ಅದು. ಎಂಟು ಸಲ ಚಿನ್ನದ ಅಂಬಾರಿ ಹೊತ್ತದ್ದು. ಅದಕ್ಕೆ ಸ್ಮಾರಕ ಬೇಕೆಂದು ಜನ ಒತ್ತಾಯಿಸಿದರು, ಒತ್ತಾಯಿಸಿದ್ದು ನ್ಯಾಯವೇ. ಆನೆಗಳ ಹೆಸರು ನಮ್ಮ ಮಕ್ಕಳ ಬಾಯಲ್ಲಿವೆ: ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು. ಆ ಆನೆಗಳ ಮಾವುತ ಕಾವಾಡಿಗಳ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲರು? ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬ ಗಾದೆ ನಮ್ಮದು. ಮಾವುತನ ಬೆಲೆಯನ್ನು ಹೇಳುವ ಗಾದೆಯನ್ನು ನಾನಂತೂ ಕೇಳಿಲ್ಲ.

ಇಂದು ಕೈಗೊಂದು ಮೊಬೈಲಿರುವ ಕಾಲ. ನಮ್ಮ ತಾಲ್ಲೂಕುಗಳ ಹುಡುಗರೂ ಹುಡುಗಿಯರೂ ಹಾಡಿ, ಕುಣಿದು, ಮಾತನಾಡಿ ಒಂದು ವಾರದ ಮಟ್ಟಿಗೆ ನಾಡಿಗೆಲ್ಲ ಪರಿಚಿತರಾಗುತ್ತಾರೆ. ಹಳ್ಳಿಯ ವೇಷವೇ, ಗ್ರಾಮ್ಯದ ಮಾತೇ ಅವರ ಬಂಡವಾಳವಾದಾಗ, ನೋಡುವವರು ಅವರಿಂದ ಮತ್ತೆ ಮತ್ತೆ ಅದನ್ನೇ ಬೇಡುತ್ತಾರೆ. ಅವರು ಬೆಳೆದರೆ ಬೇಸರಪಡುತ್ತಾರೆ. ಇಂಥವರಿಗೆ ಬುದ್ಧಿ ಹೇಳುವ ಮೊದಲು ಅಧ್ಯಾಪಕರಾದ ನಾವು ಸಾಬುವಿನ ಕಥೆಯನ್ನು ಹೇಳುವುದು ಮೇಲು. ಕರೆ ಬಂದಾಗ ಹೋಗಬೇಡಿರೆಂದು ಈ ಕಥೆ ಹೇಳುವುದಿಲ್ಲ. ಲಾಯದಲ್ಲಿಯೇ ಉಳಿದಿದ್ದರೆ ಸಾಬು ಸುಖಿಯಾಗಿರುತ್ತಿದ್ದನೆನ್ನಲು ಯಾವ ಆಧಾರವೂ ಇಲ್ಲ. ಹುಡುಗನನ್ನು ಕರೆದೊಯ್ಯುವವರು ಅವನು ದೊಡ್ಡವನಾದ ಮೇಲೆ ಅವನಿಗೆ ಏನು ಇಟ್ಟಿದ್ದಾರೆಂದು ಕೇಳುವ ಹಿರಿಯರು ಬೇಕು ಎಂಬುದಷ್ಟೇ ಅದರ ಮಾತು.

ಮಾಡಬಹುದಾದ ಕೆಲಸಗಳೂ ಇವೆ, ಹೆಚ್ಚು ಖರ್ಚಿನವಲ್ಲ. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಮೈಸೂರಿನಿಂದ ಬರೆದ ಪತ್ರಗಳು ‘ಎಲಿಫೆಂಟ್ ಡ್ಯಾನ್ಸ್’ ಎಂಬ ಹೆಸರಿನ ಪುಸ್ತಕವಾಗಿ 1937ರಲ್ಲಿಯೇ ಪ್ರಕಟವಾಗಿವೆ. ಆ ಕಾಲದ ಮೈಸೂರು, ಕಾರಾಪುರ, ಆನೆಗಳು, ಆ ಹುಡುಗ ಎಲ್ಲರನ್ನೂ ಕಣ್ಣೆದುರಿಗೆ ತರುವ ಆ ಪುಸ್ತಕವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳು ಕನ್ನಡಕ್ಕೆ ತರಬಹುದು. ನಂಜನಗೂಡು, ನರಸೀಪುರ, ಹೆಗ್ಗಡದೇವನಕೋಟೆಗಳ ಕಾಲೇಜುಗಳು ಪ್ರತಿ ಜನವರಿ 27ರಂದು ‘ಎಲಿಫೆಂಟ್ ಬಾಯ್’ ಚಿತ್ರವನ್ನು ತೋರಿಸಿ, ಆನೆ ಶಿಬಿರಗಳ ಮಾವುತರೊಬ್ಬರನ್ನು ಕರೆಸಿ ಮಾತನಾಡಿಸಬಹುದು. ನಮ್ಮ ಕಾಲೇಜಿನಲ್ಲಿ ಬರುವ ಜನವರಿಯಿಂದ ಇದನ್ನು ಮೊದಲುಮಾಡಬೇಕೆಂದು ಕನ್ನಡ ಸಂಘದ ವಿದ್ಯಾರ್ಥಿಗಳು ನಿಶ್ಚಯಿಸಿದ್ದಾರೆ. ಅತಿಥಿಯ ಹೆಸರನ್ನು ಆಹ್ವಾನಪತ್ರಿಕೆಯಲ್ಲಿ ಆನೆಯ ಹೆಸರಿಗಿಂತ ಮೇಲೆ ಅಚ್ಚುಹಾಕಿಸಬೇಕೆಂದು ಅವರಿಗೆ ಹೇಳಿದ್ದೇನೆ.